ಜಮಾದಾರನಿಗೆ ಮನೆ ನೋಡಿದ್ದು

ಹೊಸಕ್ಯಾಂಪು, ಗಂಗಾವತಿ ತಾಲ್ಲೂಕು
18 ಜುಲೈ 1979

ಅಣ್ಣ ಈಶಪ್ಪನಿಗೆ ತಂಗಿ ವಿರೂಪಾಕ್ಷಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನಾನು ಕ್ಷೇಮ. ಕ್ಯಾಂಪಿನ ಬಾಣಂತಿಯರು, ಕೂಸುಗಳು ಕ್ಷೇಮ. ನನ್ನ ಮನೆ ಮಾಲೀಕ ಗಿಡ್ಡಪ್ಪ ಮಾತ್ರ ನಿದ್ದೆಗೆಟ್ಟಿದ್ದಾನೆ. ಅದಕ್ಕೆ ಕಾರಣ ನನ್ನ ಅಂಗಳದಲ್ಲಿ ಕಾಲು ಚಾಚಿ ಮಲಗಿದೆ.

ಹೋದ ವಾರ ಕಾಲುವೆಗೆ ನೀರು ಬಿಟ್ಟರು. ಮೊದಲ ನೀರಿನ ಜೊತೆ ಕಸ, ಕಡ್ಡಿ, ಹರಿದ ಚಪ್ಪಲಿ ಎಲ್ಲಾ ತೇಲಿ ಬರುತ್ತವೆ. ಕುಷ್ಟಗಿಯ ಒಣಭೂಮಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು ನೀನು, ನಿನಗೆ ಇದೆಲ್ಲ ಗೊತ್ತಿಲ್ಲ. ನಾನೊಂದು ಹೆರಿಗೆ ಮುಗಿಸಿಕೊಂಡು ಕಾಲುವೆ ಏರಿಯ ಮೇಲೆ ಬರುತ್ತಿದ್ದೆ. ತೂಬಿನ ಕಬ್ಬಿಣದ ಜಾಳಿಗೆಗೆ ಕರು ಸಿಕ್ಕಿಕೊಂಡಿದೆ ಎಂದು ಜನ ನಿಂತು ನೋಡುತ್ತಿದ್ದರು. ಕರುವಲ್ಲ, ನಾಯಿ. ಕೊರಳಿಗೆ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಕಲ್ಲು. ತಾನಾಗಿ ಬಿದ್ದದ್ದಲ್ಲ, ಯಾರೋ ಎಸೆದದ್ದು. “ಹೋಗಲಿ ಬಿಡ್ರಿ ಬಾಯಾರ, ನಾಯಿ ಅದು” ಎಂದರು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ಹೆರಿಗೆ ಚೀಲದಲ್ಲಿದ್ದ ಕತ್ತರಿಯಿಂದಲೇ ಹಗ್ಗ ಕತ್ತರಿಸಿದೆ. ಕೂಸಿನ ಹೊಕ್ಕಳಬಳ್ಳಿ ಕತ್ತರಿಸುವ ಕತ್ತರಿ ಅದು. ಆಮೇಲೆ ಕುದಿಸಿ ಇಟ್ಟಿದ್ದೇನೆ, ಮೂಗು ಮುರಿಯಬೇಡ.

ಬಣ್ಣ ಜೋಳದ ರೊಟ್ಟಿಯದು. ಒಂದು ಕಿವಿ ಹರಿದಿದೆ. ನಿಂತರೆ ನನ್ನ ಸೊಂಟಕ್ಕೆ ಬರುತ್ತದೆ. ಎರಡನೇ ದಿನಕ್ಕೇ ಗೇಟಿನ ಹತ್ತಿರ ಹೋಗಿ ಕೂತು, ಬಂದವರನ್ನೆಲ್ಲ ಕಾಲಿನಿಂದ ತಲೆಯವರೆಗೆ ನೋಡತೊಡಗಿತು. ಅದಕ್ಕೇ ಜಮಾದಾರ ಎಂದು ಹೆಸರಿಟ್ಟೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಗಿಡ್ಡಪ್ಪ ಬಂದು, “ದೀಪಾವಳಿ ಒಳಗ ನಾಯಿ ಹೋಗಬೇಕು, ಇಲ್ಲಾ ನೀವು ಹೋಗಬೇಕು. ಎರಡೂ ಆಗಲಿಲ್ಲಂದ್ರ ಬ್ಯಾರೆ ದಾರಿ ನನಗ ಗೊತ್ತೈತಿ” ಎಂದ. ಬೇರೆ ದಾರಿ ಎಂದರೆ ವಿಷ. ಹೋದ ವರ್ಷ ಪಕ್ಕದ ಓಣಿಯ ಎರಡು ನಾಯಿಗಳಿಗೆ ಅದೇ ಆಗಿತ್ತು. ಅಲ್ಲಿಯವರೆಗೆ ಜಮಾದಾರ ನನ್ನ ಹತ್ತಿರ ಇರುತ್ತಾನೆ. ಅಷ್ಟರಲ್ಲಿ ಅವನಿಗೊಂದು ಮನೆ ಹುಡುಕು. ಅಂಗಡಿಗೆ ಹತ್ತು ಹಳ್ಳಿಯ ಜನ ಬರುತ್ತಾರೆ, ನೀನು ಮನಸ್ಸು ಮಾಡಿದರೆ ಕಷ್ಟವಿಲ್ಲ. ಒಂದೇ ಷರತ್ತು: ಯಾವ ಮನೆಯಾದರೂ ನೀನೇ ಹೋಗಿ ಕಣ್ಣಾರೆ ನೋಡಬೇಕು. ಯಾರೋ ಹೇಳಿದರು ಎಂದು ಬರೆಯಬೇಡ.

ಇನ್ನೊಂದು ಮಾತು. ಲಕೋಟೆಯ ಮೇಲೆ ‘ಚಿ.ಸೌ. ವಿರೂಪಾಕ್ಷಮ್ಮ ಕೋಂ ಅಂದಾನಪ್ಪ’ ಎಂದು ಬರೆಯುವುದನ್ನು ಬಿಡು. ಗಂಡನ ಮನೆ ಬಿಟ್ಟು ಬಂದು ಎಂಟು ವರ್ಷವಾಯಿತು. ಇಲ್ಲಿ ನನ್ನನ್ನು ಯಾರದೋ ಹೆಂಡತಿ ಎಂದು ಕೇಳಿದರೆ ಅಂಚೆಯವನಿಗೂ ಗೊತ್ತಾಗುವುದಿಲ್ಲ. ನರ್ಸಬಾಯಿ ಎಂದರೆ ಸಾಕು.

ವೈನಿಗೆ ನಮಸ್ಕಾರ ಹೇಳು.

ವಿರೂಪಾಕ್ಷಿ


ಕುಷ್ಟಗಿ
31 ಜುಲೈ 1979

ಚಿ.ಸೌ. ವಿರೂಪಾಕ್ಷಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಎರಡು ಸಲ ಓದಿದೆ. ಮೊದಲನೇ ಸಲ ಓದಿದಾಗ ತಮಾಷೆ ಎಂದುಕೊಂಡೆ.

ನಿನಗೆ ಬುದ್ಧಿ ಹೇಳುವವನು ನಾನೊಬ್ಬನೇ ಉಳಿದಿದ್ದೇನೆ, ಆದ್ದರಿಂದ ಹೇಳುತ್ತೇನೆ. ಒಂಟಿ ಹೆಣ್ಣುಮಗಳು ಪರವೂರಿನಲ್ಲಿ ಇರುವುದೇ ಜನರ ಬಾಯಿಗೆ ಸಾಕಷ್ಟು ಮೇವು. ಅದರ ಮೇಲೆ ಕರುವಿನಷ್ಟು ದೊಡ್ಡ ನಾಯಿ ಬೇರೆ. ಬಸುರಿ ಹೆಣ್ಣುಮಕ್ಕಳು ನಿನ್ನ ಬಾಗಿಲಿಗೆ ಬರಬೇಕೋ ಬೇಡವೋ? ಕಾಲುವೆಯಲ್ಲಿ ಹೋಗುತ್ತಿದ್ದದ್ದನ್ನು ಹೋಗಗೊಡಬೇಕಿತ್ತು ಎನ್ನುವುದಿಲ್ಲ, ಪಾಪ ಬಂದೀತು. ಆದರೆ ಎತ್ತಿದ ಮೇಲೆ ಏರಿಯ ಮೇಲೆ ಬಿಟ್ಟು ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಗಿಡ್ಡಪ್ಪ ಸಭ್ಯ ಮನುಷ್ಯನೇ ಇರಬೇಕು, ದೀಪಾವಳಿಯ ತನಕ ಗಡುವು ಕೊಟ್ಟಿದ್ದಾನೆ. ಅವನ ಜೊತೆ ಮಾತು ಬೆಳೆಸಬೇಡ.

ಆದರೂ ಅಣ್ಣ ಎನಿಸಿಕೊಂಡ ತಪ್ಪಿಗೆ ಪ್ರಯತ್ನ ಮಾಡುತ್ತೇನೆ. ಗವಿಸಿದ್ದಪ್ಪ ಮಾವನ ಕಿವಿಗೆ ಹಾಕಿದ್ದೇನೆ. ಅವನ ಕಾಲು ತಿರುಗದ ಊರಿಲ್ಲ, ಯಾರ ಮನೆಗೆ ಏನು ಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ.

ಅಂಗಡಿಯಲ್ಲಿ ಒಬ್ಬನೇ ಇರುವುದರಿಂದ ಊರೂರು ಅಲೆದು ನಾಯಿಗೆ ಮನೆ ನೋಡುವುದು ನನ್ನಿಂದಾಗದು. ಜನ ನಕ್ಕಾರು. ಮಾವನ ಮಾತು ಸಾಕು.

ನಿನ್ನ ವೈನಿ ಕಸ್ತೂರೆಮ್ಮ ಆರಾಮವಿದ್ದಾಳೆ. ಕಾಗದ ಓದಿ ಹೇಳಿದಾಗ ಎದ್ದು ಒಳಗೆ ಹೋದಳು. ಲಕೋಟೆಯ ವಿಳಾಸದ ಬಗ್ಗೆ ನೀನು ಬರೆದದ್ದನ್ನು ನಾನು ಓದಲಿಲ್ಲ ಎಂದೇ ತಿಳಿ.

ಈಶಪ್ಪ


ಹೊಸಕ್ಯಾಂಪು
19 ಆಗಸ್ಟ್ 1979

ಅಣ್ಣನಿಗೆ ನಮಸ್ಕಾರ.

ಬಸುರಿ ಹೆಣ್ಣುಮಕ್ಕಳ ಬಗ್ಗೆ ನೀನು ಕೇಳಿದ್ದೆ. ಮೊದಲ ವಾರ ಹೆದರಿದರು, ಸುಳ್ಳಲ್ಲ. ಈಗ ಜಮಾದಾರ ಅವರನ್ನು ಕಂಡ ಕೂಡಲೇ ಎದ್ದು ದಾರಿ ಬಿಟ್ಟು ಗೋಡೆ ಹತ್ತಿರ ಹೋಗಿ ನಿಲ್ಲುತ್ತಾನೆ. ಬಸ್ಸಿನಲ್ಲಿ ಗಂಡಸರು ಅಷ್ಟು ಮಾಡಿದರೂ ದೊಡ್ಡದು. ಮೊನ್ನೆ ದುರುಗವ್ವ ಎಂಬ ಅಜ್ಜಿ ತನ್ನ ಸೊಸೆಯನ್ನು ತೋರಿಸಲು ಬಂದವಳು ಅವನ ತಲೆ ಸವರಿ, “ಇದಕ್ಕ ಹೇಳಿಕೊಡಾಕ ಯಾವ ಸಾಲಿಗೆ ಹಾಕಿದ್ದಿ?” ಎಂದು ಕೇಳಿದಳು.

ನೀನು ಕೂತಲ್ಲೇ ಕೂತಿರು, ನಾನು ಇಲ್ಲಿಯೂ ಹುಡುಕಿದೆ. ಇಬ್ಬರು ನೋಡಲು ಬಂದಿದ್ದರು. ಹೆಣ್ಣು ನೋಡಲು ಬಂದವರ ಹಾಗೆಯೇ ಬಂದರು, ಹಲ್ಲು ನೋಡಿದರು, ಕಾಲು ನೋಡಿದರು, ನಡೆಸಿ ನೋಡಿದರು. ಆಮೇಲೆ ನಾನೂ ಅವರನ್ನು ನೋಡಿದೆ.

ಮೊದಲನೆಯವನು ಅಕ್ಕಿ ಗಿರಣಿಯವನು. ಗೇಟಿಗೆ ಸರಪಳಿ ಹಾಕಿ ಕಟ್ಟುತ್ತಾನಂತೆ. ಊಟಕ್ಕೇನು ಹಾಕುತ್ತೀ ಎಂದರೆ, “ಅರೆಹೊಟ್ಟಿ ಇಡಬೇಕ್ರಿ ಬಾಯಾರ, ಹಸಿದ್ರ ಛಲೋ ಬೊಗಳತೈತಿ” ಎಂದ. ಅವನಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ಎರಡನೆಯವನು ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ರೈತ. ಗದ್ದೆಗೆ ಹಂದಿ ಬೀಳುತ್ತವೆ, ಕಾಯಲು ಬೇಕು ಎಂದ. ಮನುಷ್ಯ ಮೆತ್ತಗೆ ಮಾತಾಡಿದ. ಒಪ್ಪಿ, ನಾನೇ ಹೊಳೆಯವರೆಗೆ ಹೋದೆ. ಆದರೆ ಜಮಾದಾರ ನೀರು ಕಂಡದ್ದೇ ನಾಲ್ಕೂ ಕಾಲು ಊರಿ ನಿಂತುಬಿಟ್ಟ. ಮೈಯೆಲ್ಲ ನಡುಗುತ್ತಿತ್ತು. ಕಲ್ಲು ಕಟ್ಟಿಸಿಕೊಂಡು ನೀರು ಕಂಡವನು, ನಡುಗದೆ ಏನು ಮಾಡುತ್ತಾನೆ? ಆ ಮೆತ್ತಗಿನ ಮನುಷ್ಯ ಹರಿಗೋಲಿನ ಹುಟ್ಟು ತೆಗೆದುಕೊಂಡು ಅವನ ಬೆನ್ನ ಮೇಲೆ ಎರಡು ಬಾರಿಸಿದ. ನಾನು ಹುಟ್ಟನ್ನು ಕಸಿದು ಹೊಳೆಗೆ ಎಸೆದು, ನಾಯಿಯನ್ನು ಕರೆದುಕೊಂಡು ತಿರುಗಿ ಬಂದೆ. ಅವನು ದಡದಲ್ಲಿ ಹುಟ್ಟಿಲ್ಲದೆ ಎಷ್ಟು ಹೊತ್ತು ನಿಂತನೋ ಗೊತ್ತಿಲ್ಲ.

ಈಗ ಷರತ್ತುಗಳು ಹೆಚ್ಚಾಗಿವೆ. ಕಟ್ಟಿ ಹಾಕಬಾರದು. ಕೈ ಎತ್ತಬಾರದು. ಮನೆಯವರು ಉಣ್ಣುವ ಹೊತ್ತಿಗೆ ಅವನಿಗೂ ಹಾಕಬೇಕು. ನಾಯಿಗೆ ಇಷ್ಟೆಲ್ಲ ಯಾರು ಒಪ್ಪುತ್ತಾರೆ ಎಂದು ನೀನು ಕೇಳುತ್ತೀ. ಒಪ್ಪದವರಿಗೆ ಕೊಡುವುದೇ ಇಲ್ಲ, ಮುಗಿಯಿತಲ್ಲ.

ಮೊನ್ನೆ ಗಿಡ್ಡಪ್ಪನ ಅಳಿಯನ ಧೋತರ ಹರಿಯಿತು, ತೊಡೆಗೂ ಸ್ವಲ್ಪ ಹಲ್ಲು ತಾಗಿತು. ಅದರ ವಿಚಾರ ಬಿಡು, ಬರೆಯುವಂಥದ್ದೇನಿಲ್ಲ. ಮದ್ದು ಹಚ್ಚಿ ಕಳಿಸಿದ್ದೇನೆ.

ಲಕೋಟೆಯ ಮೇಲೆ ಮತ್ತೆ ‘ಕೋಂ’ ಬರೆದಿದ್ದೆ. ಅಂಚೆಯವನೆದುರೇ ಅಷ್ಟನ್ನು ಗೀಚಿ ಹಾಕಿದೆ.

ವಿರೂಪಾಕ್ಷಿ


ಕುಷ್ಟಗಿ
4 ಸೆಪ್ಟೆಂಬರ್ 1979

ಚಿ.ಸೌ. ವಿರೂಪಾಕ್ಷಿಗೆ ಆಶೀರ್ವಾದ.

ಕಂಡವರ ತೊಡೆಗೆ ಬಾಯಿ ಹಾಕುವ ನಾಯಿ, ಕಂಡವರ ಹುಟ್ಟು ಹೊಳೆಗೆ ಎಸೆಯುವ ನರ್ಸಬಾಯಿ. ನಿಮ್ಮಿಬ್ಬರಲ್ಲಿ ಯಾರು ಯಾರಿಗೆ ಕಲಿಸಿದಿರೋ ತಿಳಿಯದು. ಗಿಡ್ಡಪ್ಪನ ಅಳಿಯನ ಮನೆಗೆ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡು ಬಾ. ಹೆಣ್ಣುಮಕ್ಕಳಿಗೆ ತಗ್ಗಿ ನಡೆಯುವುದರಿಂದ ಏನೂ ಕಡಿಮೆಯಾಗುವುದಿಲ್ಲ.

ಇರಲಿ, ಸಂತೋಷದ ಸುದ್ದಿ ಇದೆ. ಮನೆ ಸಿಕ್ಕಿದೆ. ಗವಿಸಿದ್ದಪ್ಪ ಮಾವ ನಿನ್ನೆ ಅಂಗಡಿಗೆ ಬಂದು ಪೂರ್ತಿ ಹೇಳಿದ. ಯಲಬುರ್ಗಾ ಕಡೆಯ ಒಂದು ಹಳ್ಳಿ. ತುಂಬಿದ ಮನೆ. ನಾಲ್ಕು ಎತ್ತು, ಎರಡು ಎಮ್ಮೆ, ದೊಡ್ಡ ಬಣವೆ. ಮುಂದೆ ಕಲ್ಲು ಹಾಸಿದ ಅಂಗಳ, ಗೋದಲಿಯ ಪಕ್ಕ ಹಳೆಯ ಬೇವಿನ ಮರ, ನೆರಳಿಗೆ ಕೊರತೆಯಿಲ್ಲ. ಹಿತ್ತಲಲ್ಲೇ ಮೆಟ್ಟಿಲ ಬಾವಿ ಇದೆ, ಮೇಲಿನ ಒಂದು ಮೆಟ್ಟಿಲು ಮುರಿದಿದೆಯಂತೆ, ಉಳಿದದ್ದೆಲ್ಲ ಗಟ್ಟಿ. ಎಮ್ಮೆಯ ಮಜ್ಜಿಗೆ ದಿನಾ ಚೆಲ್ಲಾಡುವ ಮನೆ, ನಾಯಿಗೆ ಇನ್ನೇನು ಬೇಕು? ನಿನ್ನ ಷರತ್ತುಗಳನ್ನೆಲ್ಲ ಮಾವ ಹೇಳಿದನಂತೆ, ಅವರು ನಗುನಗುತ್ತಾ ಒಪ್ಪಿದರಂತೆ.

ಅವರದೂ ಒಂದು ಮಾತಿದೆ. ನಾಯಿಯನ್ನು ನೀನೇ ಕರೆದುಕೊಂಡು ಬರಬೇಕಂತೆ. ಎರಡು ದಿನ ಇದ್ದು, ಅದಕ್ಕೆ ಹೊಂದಿಕೆಯಾದ ಮೇಲೆ ಹೋದರಾಯಿತು ಎಂದರಂತೆ. ಎಷ್ಟು ದೊಡ್ಡ ಮನಸ್ಸು ನೋಡು. ಮನೆಯವರ ಹೆಸರು, ಊರಿನ ಹೆಸರು ನೀನು ಬಂದಾಗ ಹೇಳುತ್ತೇನೆ. ಅಕ್ಕಿ ಚೀಲ ತರುವ ಮರ್ದಾನಸಾಬನ ಲಾರಿಯಲ್ಲಿ ಕುಷ್ಟಗಿಗೆ ಬಾ, ಮುಂದೆ ನಾನು ಬಂದೋಬಸ್ತು ಮಾಡುತ್ತೇನೆ.

ಒಳ್ಳೆಯ ಸೀರೆ ಉಟ್ಟುಕೊಂಡು ಬಾ.

ಈಶಪ್ಪ


ಹೊಸಕ್ಯಾಂಪು
10 ಸೆಪ್ಟೆಂಬರ್ 1979

ಈಶಪ್ಪಣ್ಣನಿಗೆ.

ಆ ಬೇವಿನ ಮರ ನನಗೆ ಗೊತ್ತು. ಅದರ ಕೆಳಗಿನ ಗೋದಲಿಗೆ ಎರಡು ವರ್ಷ ಮೇವು ತುಂಬಿದವಳು ನಾನು. ಬಾವಿಯ ಮುರಿದ ಮೆಟ್ಟಿಲು ಮೇಲಿನಿಂದ ಮೂರನೆಯದು. ಅಲ್ಲಿ ಕೊಡ ಸಮೇತ ಬಿದ್ದದ್ದರ ಗುರುತು ನನ್ನ ಮೊಣಕೈಯಲ್ಲಿದೆ. ಕೊಡ ಸೊಟ್ಟಗಾಯಿತು ಎಂದು ಅವತ್ತು ಬಿದ್ದ ಏಟಿನ ಗುರುತು ಬೇರೆ ಕಡೆ ಇದೆ. ಅಂದಾನಪ್ಪನ ಮನೆಯನ್ನು ನನಗೇ ವರ್ಣಿಸಿ ಬರೆದಿದ್ದೀಯಲ್ಲ. ಹೆಸರು ಮುಚ್ಚಿಟ್ಟರೆ ಮನೆ ಮುಚ್ಚಿಟ್ಟ ಹಾಗಾಗುತ್ತದೆಯೇ?

ನಾಯಿಯ ನೆಪದಲ್ಲಿ ನನ್ನನ್ನು ಆ ಹೊಸ್ತಿಲು ದಾಟಿಸುವ ಯೋಚನೆ ಮಾವನದೋ, ಅವನದೋ, ನಿನ್ನದೋ ನಾನು ಕೇಳುವುದಿಲ್ಲ. ಉತ್ತರ ಒಂದೇ. ಆ ಮನೆಗೆ ನಮ್ಮ ಮನೆಯಿಂದ ಒಬ್ಬಳನ್ನು ಕಳಿಸಿದ್ದು ಸಾಕು. ನನ್ನ ನಾಯಿಯನ್ನು ಕಳಿಸುವುದಿಲ್ಲ.

ನನ್ನನ್ನು ಕೊಡುವಾಗ ನೀನು ಆ ಮನೆ ನೋಡಲಿಲ್ಲ. ಊರಲ್ಲಿ ಹೆಣ್ಣಿನ ಕಡೆಯವರು ಮನೆ ನೋಡಲು ಹೋಗುವ ಪದ್ಧತಿ ಯಾತಕ್ಕಿದೆ? ಅವತ್ತೂ ಮಾವ ಬಂದು ಎತ್ತು ಎಣಿಸಿ ಹೇಳಿದ, ಸಾಕಾಯಿತು ನಿಮಗೆ. ಈಗಲೂ ಅವನೇ ಎಣಿಸಿದ್ದಾನೆ, ನೀನು ಅಂಗಡಿಯ ಗಾದಿ ಬಿಟ್ಟು ಎದ್ದಿಲ್ಲ. ಎರಡು ಸಲ ನಾನು ತಿರುಗಿ ಬಂದೆ. ಎರಡು ಸಲವೂ, “ಇನ್ನ ನಿನ್ನ ಮನಿ ಅದs ಐತಿ ತಂಗಿ” ಎಂದು ನೀನು ಬಸ್ಸು ಹತ್ತಿಸಿದೆ. ಮೂರನೇ ಸಲ ನಾನು ಕುಷ್ಟಗಿ ಬಸ್ಸು ಹತ್ತಲಿಲ್ಲ, ಕೊಪ್ಪಳದ ಬಸ್ಸು ಹತ್ತಿ ನರ್ಸ್ ತರಬೇತಿಗೆ ಸೇರಿದೆ. ಅದಕ್ಕೇ ಇವತ್ತು ನನ್ನ ಕೈಯಲ್ಲೊಂದು ಕೆಲಸವಿದೆ.

ಈಗ ನೀನು ಒಂದು ಕೆಲಸ ಮಾಡು. ನಾಯಿಗಾಗಿ ಮಾಡು, ನನಗಾಗಿ ಬೇಡ. ಆ ಮನೆಗೆ ಹೋಗು. ಹೇಳದೆ ಹೋಗು. ಹೇಳಿ ಹೋದವರಿಗೆ ಎಲ್ಲ ಮನೆಗಳೂ ಗುಡಿಸಿ ಸಾರಿಸಿಯೇ ಇರುತ್ತವೆ. ಮಧ್ಯಾಹ್ನದ ಹೊತ್ತು ಹೋಗು. ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸುತ್ತಾರೆ, ಕೂಡಬೇಡ. ಕಾಲು ತೊಳೆಯುತ್ತೇನೆ ಎಂದು ಹಿತ್ತಲಿಗೆ ಹೋಗು. ಅಲ್ಲಿ ಕುಡಿಯಲು ನೀರು ಕೇಳು. ಹಿತ್ತಲ ಕೋಣೆಯ ಚಿಲಕ ಯಾವ ಕಡೆ ಇದೆ ನೋಡು. ಆಮೇಲೆ ಆ ಮನೆ ನಾಯಿಗೆ ಒಪ್ಪುತ್ತದೆ ಎಂದು ನೀನೇ ಬರೆದು ಕಳಿಸು, ಜಮಾದಾರನನ್ನು ಕರೆದುಕೊಂಡು ಮರುದಿನವೇ ಬರುತ್ತೇನೆ.

ಹೋಗುವ ಧೈರ್ಯವಿಲ್ಲದಿದ್ದರೆ ಕಾಗದ ಬರೆಯಬೇಡ.

ವಿರೂಪಾಕ್ಷಿ


ಕುಷ್ಟಗಿ
6 ಅಕ್ಟೋಬರ್ 1979

ವಿರೂಪಾಕ್ಷಿಗೆ.

ತಡವಾಯಿತು. ನಿನ್ನ ಕಾಗದ ಬಂದ ಮೇಲೆ ಹದಿನೈದು ದಿನ ಸಿಟ್ಟಿನಲ್ಲಿದ್ದೆ. ಅಂಗಡಿಗೆ ಬಂದವರ ಮೇಲೆಲ್ಲ ರೇಗಿದೆ. ಮೊನ್ನೆ ಕಸ್ತೂರಿ ನನ್ನ ಟೊಪ್ಪಿಗೆ, ಕೊಡೆ ತಂದು ಮುಂದಿಟ್ಟು, “ಹೋಗಿ ಬರ್ರಿ. ಅಂಗಡಿ ನಾ ನೋಡಕೋತೀನಿ” ಎಂದಳು. ನಿನ್ನ ಕಾಗದದಲ್ಲಿ ಏನಿತ್ತೆಂದು ಅವಳಿಗೆ ನಾನು ಹೇಳಿರಲಿಲ್ಲ.

ನೀನು ಹೇಳಿದ ಹಾಗೆಯೇ ಹೋದೆ. ಅಂದಾನಪ್ಪ ಕಟ್ಟೆಯ ಮೇಲಿದ್ದ. ಬಹಳ ಮರ್ಯಾದೆ ಮಾಡಿದ. ಕಂಬಳಿ ಹಾಸಿಸಿದ. ತಂಗಿಗೆ ಈಗ ಪಗಾರ ಎಷ್ಟು ಎಂದು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೊಮ್ಮೆ ಕೇಳಿದ. ನಾನು ಕಾಲು ತೊಳೆಯಬೇಕು ಎಂದು ಎದ್ದೆ. “ಇಲ್ಲೇ ನೀರು ತರಸ್ತೀನಿ, ಕೂಡ್ರಿ” ಎಂದ. ನಾನು ಕೂಡಲಿಲ್ಲ.

ಹಿತ್ತಲಲ್ಲಿ ಒಂದು ನಾಯಿ ಈಗಾಗಲೇ ಇದೆ. ಗೂಟಕ್ಕೆ ಕಟ್ಟಿದ ಹಗ್ಗ ಎಷ್ಟು ಗಿಡ್ಡವೆಂದರೆ ಅದು ಮಲಗುವ ಹಾಗಿಲ್ಲ. ಕೂತೇ ನಿದ್ದೆ ಮಾಡುತ್ತಿತ್ತು. ನೀರಿನ ಬೋಗುಣಿ ಅದರ ಮೂತಿಗೆ ನಿಲುಕದಷ್ಟು ದೂರ ಇತ್ತು. ನಾನೇ ಸರಿಸಿಟ್ಟೆ.

ಅಂದಾನಪ್ಪನ ತಮ್ಮನ ಹೆಂಡತಿ ಮುಸುರೆ ತಿಕ್ಕುತ್ತಿದ್ದಳು. ಚಿಕ್ಕ ವಯಸ್ಸು. ತಂಗೀ, ಒಂದು ತಂಬಿಗೆ ನೀರು ಕೊಡವ್ವಾ ಎಂದೆ. ಪಕ್ಕದಲ್ಲೇ ಕೊಡ ತುಂಬಿತ್ತು. ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ಒಳಗಿನ ಬಾಗಿಲ ಕಡೆ ನೋಡಿ, “ತಡೀರಿ, ಕೇಳಿ ಕೊಡತೀನಿ” ಎಂದಳು. ಕೇಳಲು ಒಳಗೆ ಹೋದವಳು ಹೊರಗೆ ಬರಲಿಲ್ಲ. ಒಂದು ತಂಬಿಗೆ ನೀರು, ವಿರೂಪಾಕ್ಷಿ. ಬಾವಿ ಮನೆಯ ಹಿತ್ತಲಲ್ಲೇ ಇದೆ. ನಾನು ನೀರು ಕುಡಿಯದೆ ಬಂದೆ.

ಚಿಲಕ ಹೊರಗಡೆ ಇದೆ.

ಆ ಮನೆ ನಾಯಿಗೆ ತಕ್ಕದ್ದಲ್ಲ. ಗವಿಸಿದ್ದಪ್ಪ ಮಾವನಿಗೂ ಇದನ್ನೇ ಹೇಳಿದ್ದೇನೆ. ಇನ್ನು ಮೇಲೆ ನಮ್ಮ ಮನೆಯ ಯಾವ ಜೀವಕ್ಕೂ ನೀನು ಜಾಗ ನೋಡುವುದು ಬೇಡ ಎಂದೆ. ಸಿಟ್ಟಾಗಿ ಎದ್ದು ಹೋದ. ಹೋಗಲಿ.

ದೀಪಾವಳಿ ಹತ್ತಿರ ಬಂತು. ನಮ್ಮ ಮನೆಯ ಹಿಂದೆ ಜಾಗವಿದೆ. ಕೊಡುತ್ತೀಯಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಪದ್ಧತಿಯಂತೆ ನೀನೇ ಬಂದು ಮನೆ ನೋಡು. ಹೇಳದೆ ಬಾ.

ಈಶಪ್ಪ


ಹೊಸಕ್ಯಾಂಪು
15 ಅಕ್ಟೋಬರ್ 1979

ಅಣ್ಣನಿಗೆ ನಮಸ್ಕಾರ.

ನಿನ್ನೆ ಭಾನುವಾರ ಹೇಳದೆ ಬಂದೆ. ನೀನು ಸಂತೆಗೆ ಹೋಗಿದ್ದೆ, ಅದೂ ಒಳ್ಳೆಯದೇ ಆಯಿತು. ನೀನಿದ್ದಿದ್ದರೆ ನಾನು ಅಳುತ್ತಿದ್ದೆ, ಇಲ್ಲವೆ ಜಗಳವಾಡುತ್ತಿದ್ದೆ. ಎರಡೂ ಮನೆ ನೋಡುವ ಕೆಲಸಕ್ಕೆ ಅಡ್ಡಿ. ವೈನಿ ಏನು ಹೇಳಿದರೋ ಗೊತ್ತಿಲ್ಲ, ನಾನು ನೋಡಿದ್ದನ್ನು ಬರೆಯುತ್ತೇನೆ.

ಎಂಟು ವರ್ಷದ ಮೇಲೆ ಆ ಬಾಗಿಲಲ್ಲಿ ನಿಂತಾಗ ನನಗೆ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ. ಹೊಸ್ತಿಲ ಹೊರಗೇ ಕೂತೆ. ವೈನಿ ಕರೆಯಲಿಲ್ಲ. ಒಳಗಿನಿಂದ ಬಂದು ಹೊಸ್ತಿಲ ಆ ಕಡೆ ತಾವೂ ಕೂತರು. ನಾನು ಕೇಳತೊಡಗಿದೆ. ಎಲ್ಲಿ ಮಲಗುತ್ತಾನೆ, ಯಾವುದರಲ್ಲಿ ಉಣ್ಣುತ್ತಾನೆ, ಕಟ್ಟುತ್ತೀರೋ ಬಿಡುತ್ತೀರೋ. ಎಲ್ಲಕ್ಕೂ ಉತ್ತರ ಕೊಟ್ಟರು. “ನಿಮಗ ಸಿಟ್ಟು ಬಂದ ದಿನ ಅವಗ ಊಟ ಹಾಕಾವ್ರು ಯಾರ್ರಿ?” ಎಂದೆ. “ಸಿಟ್ಟು ಬಂದ ದಿನಾನೂ ನಿಮ್ಮಣ್ಣಗ ನಾನ ಹಾಕೀನಿ. ಅವರಿಗಿಂತ ನಾಯಿ ಏನು ಕಷ್ಟ?” ಎಂದರು. ನಾನು ನಗಬಾರದು ಎಂದುಕೊಂಡಿದ್ದೆ, ನಕ್ಕುಬಿಟ್ಟೆ.

ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. “ವೈನಿ, ನಾ ಎರಡು ಸಲ ಬಂದಾಗನೂ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟಾವ್ರು ನೀವು. ಇರು ಅಂತ ಒಂದು ಮಾತು ಯಾಕ ಅನ್ನಲಿಲ್ಲ?” ಅವರು ಸೆರಗಿನ ತುದಿಯಿಂದ ಹೊಸ್ತಿಲು ಒರೆಸಿದರು. ಆಮೇಲೆ, “ಆವಾಗ ಈ ಮನ್ಯಾಗ ಬುತ್ತಿ ಕಟ್ಟಾಕಷ್ಟ ನನ್ನ ಕೈ ನಡೀತಿತ್ತವ್ವಾ” ಎಂದರು. “ಈಗ?” ಎಂದೆ. “ಈಗ ನಿಮ್ಮಣ್ಣನ ಕೈಯಾಗ ಟೊಪ್ಪಿಗಿ, ಕೊಡಿ ಕೊಟ್ಟು ಬಸ್ಸು ಹತ್ತಿಸೀನಲ್ಲ” ಎಂದರು. ಆಗ ಎದ್ದು ಒಳಗೆ ಹೋದೆ. ರೊಟ್ಟಿ ತಿಂದೆ. ಎಣ್ಣೆಗಾಯಿ ಪಲ್ಯ ಮೊದಲಿನ ಹಾಗೆಯೇ ಖಾರ.

ಮನೆ ಒಪ್ಪಿಗೆಯಾಯಿತು. ಬುಧವಾರ ಮರ್ದಾನಸಾಬನ ಲಾರಿಯಲ್ಲಿ ಜಮಾದಾರನನ್ನು ಕಳಿಸುತ್ತೇನೆ. ಕಾಲುವೆ ದಾಟುವಾಗ ಅವನ ಕಣ್ಣಿಗೆ ಬಟ್ಟೆ ಕಟ್ಟಲು ಹೇಳಿದ್ದೇನೆ. ಹಳೆಯ ಷರತ್ತುಗಳ ಜೊತೆ ಕೊನೆಯದೊಂದು ಇದೆ, ಇದನ್ನು ಗಟ್ಟಿಯಾಗಿ ಓದಿ ವೈನಿಗೂ ಹೇಳು. ನಿಮ್ಮ ಮನೆ ಅವನಿಗೆ ಹಿಡಿಸದಿದ್ದರೆ, ಊಟ ಬಿಟ್ಟರೆ, ದಾರಿ ನೋಡುತ್ತಾ ಕೂತರೆ, ಇನ್ನು ನಿನ್ನ ಮನೆ ಇದೇ ಎಂದು ಹಿಡಿದಿಡಬೇಡಿ. ತಿರುಗಿ ಲಾರಿ ಹತ್ತಿಸಿ. ಅವನು ಎಷ್ಟು ಸಲ ಬಂದರೂ ಯಾಕೆ ಬಂದೆ ಎಂದು ನಾನು ಕೇಳುವುದಿಲ್ಲ.

ವಿರೂಪಾಕ್ಷಿ


ಕುಷ್ಟಗಿ
27 ಅಕ್ಟೋಬರ್ 1979

ವಿರೂಪಾಕ್ಷಿಗೆ ಆಶೀರ್ವಾದ.

ಜಮಾದಾರ ಬಂದು ಹತ್ತು ದಿನವಾಯಿತು. ಅಂಗಡಿಯ ಮುಂದೆ ಅಕ್ಕಿ ತೌಡಿನ ಚೀಲಗಳ ಮೇಲಿಂದ ಸಾಹೇಬರ ಹಾಗೆ ಇಳಿದ. ಬಜಾರ ಎಲ್ಲಾ ನೆರೆದಿತ್ತು. ಎದುರಿನ ಬಟ್ಟೆ ಅಂಗಡಿಯವನು, “ಏನ್ರಿ ಈಶಪ್ಪನವರ, ದೀಪಾವಳಿಗೆ ತಂಗಿ ಬರ್ತಾಳ ಅಂದ್ರ ನಾಯಿ ಬಂತಲ್ಲ” ಎಂದ. ಮೊದಲಾಗಿದ್ದರೆ ಒಳಗೆ ಹೋಗಿ ಕೂಡುತ್ತಿದ್ದೆ. “ಹೌದ್ರಿ, ನಮ್ಮ ತಂಗಿ ಕಳಿಸ್ಯಾಳ. ನಿಮಗೇನಾಗಬೇಕಿತ್ತು?” ಎಂದೆ. ಅವನು ಬಟ್ಟೆ ಮಡಿಚತೊಡಗಿದ.

ಕಸ್ತೂರಿ ದಿನವೂ ಬಿಸಿ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಲಸಿ ಹಾಕುತ್ತಾಳೆ. ಉಣ್ಣುತ್ತಾನೆ, ಪೂರ್ತಿ ಅಲ್ಲ. ಉಂಡ ಮೇಲೆ ಗಂಗಾವತಿ ರಸ್ತೆಯ ಕಡೆ ಮುಖ ಮಾಡಿ ಕೂಡುತ್ತಾನೆ. ಲಾರಿ ಸದ್ದಾದರೆ ಏಳುತ್ತಾನೆ. ನಿನ್ನ ಷರತ್ತು ನೆನಪಿದೆ, ಆದ್ದರಿಂದ ಮುಚ್ಚಿಡದೆ ಬರೆಯುತ್ತಿದ್ದೇನೆ.

ನೀನು ಮಾತ್ರ ಮುಚ್ಚಿಟ್ಟೆ. ನಿನ್ನೆ ಮರ್ದಾನಸಾಬ ಚಹಾ ಕುಡಿಯುತ್ತಾ ಎಲ್ಲಾ ಹೇಳಿದ. ಗಿಡ್ಡಪ್ಪನ ಅಳಿಯ ನಿನ್ನ ಹಿತ್ತಲ ಗೋಡೆ ಹಾರಿದ್ದನಂತೆ. ಅದೂ ಮೊದಲನೇ ಸಲವಲ್ಲವಂತೆ. ಆವತ್ತು ನಾಯಿ ತೊಡೆ ಹಿಡಿಯದಿದ್ದರೆ ಏನಾಗುತ್ತಿತ್ತು? ಅಂಥವನಿಗೆ ತಪ್ಪಾಯಿತು ಎಂದು ಕೇಳು ಅಂತ ಬರೆದವನು ನಾನು. ಗಿಡ್ಡಪ್ಪನಿಗೆ ಸಭ್ಯ ಎಂದು ಬಿರುದು ಕೊಟ್ಟವನೂ ನಾನೇ. “ಕ್ಯಾಂಪಿನ ಮಂದಿಗೆಲ್ಲಾ ಗೊತ್ತೈತ್ರಿ, ನಿಮಗ ಗೊತ್ತಿಲ್ಲೇನು?” ಎಂದು ಅವನು ಕೇಳಿದಾಗ ನನಗೆ ತಲೆ ಎತ್ತಲು ಆಗಲಿಲ್ಲ. ನಿನ್ನನ್ನು ಕಾಯುತ್ತಿದ್ದ ನಾಯಿಯನ್ನೇ ನನ್ನ ಮನೆಗೆ ಕಳಿಸಿ ಈಗ ನೀನು ಒಬ್ಬಳೇ ಇದ್ದೀಯಲ್ಲ. ಯಾಕೆ ಹೇಳಲಿಲ್ಲ?

ಹಿಂದಿನ ಕೋಣೆಯಲ್ಲಿದ್ದ ಜೋಳದ ಚೀಲಗಳನ್ನು ತೆಗೆಸಿ ಸುಣ್ಣ ಹಚ್ಚಿಸಿದ್ದೇನೆ. ನೌಕರಿ ಬಿಟ್ಟು ಬಂದುಬಿಡು. ಯಾರು ಏನಂದರೂ ನಾನು ನೋಡಿಕೊಳ್ಳುತ್ತೇನೆ. ಜಮಾದಾರನೂ ಇಲ್ಲೇ ಇದ್ದಾನೆ.

ಈಶಪ್ಪ


ಹೊಸಕ್ಯಾಂಪು
12 ನವೆಂಬರ್ 1979

ಅಣ್ಣನಿಗೆ, ವೈನಿಗೆ ನಮಸ್ಕಾರ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ಆಗಲೇ ಹೇಳಿದ್ದರೆ ನೀನು ಏನು ಬರೆಯುತ್ತಿದ್ದೆ ಎಂಬುದು ನಿನಗೂ ಗೊತ್ತು. ಅದಕ್ಕೇ ಒಂಟಿ ಇರಬೇಡ, ಗಂಡನ ಮನೆಗೆ ಹೋಗು ಎನ್ನುತ್ತಿದ್ದೆ. ನನ್ನ ಗೋಡೆ ಹಾರಿದವನು ಅವನು, ಮನೆ ಬಿಡಬೇಕಾದವಳು ನಾನು, ಹೀಗೆಯೇ ತೀರ್ಪಾಗುತ್ತಿತ್ತು. ಜಮಾದಾರನನ್ನು ಕಳಿಸಿದ್ದು ನನಗೆ ಧೈರ್ಯ ಹೆಚ್ಚಾಗಿ ಅಲ್ಲ. ಅವನ ಅನ್ನಕ್ಕೆ ವಿಷ ಬೀಳುತ್ತದೆ ಎಂಬ ಭಯಕ್ಕೆ. ಅವನಿಲ್ಲದ ಮೊದಲ ವಾರ ಬಾಗಿಲಿಗೆ ಬೀಸುವ ಕಲ್ಲು ಅಡ್ಡ ಇಟ್ಟು ಮಲಗಿದೆ. ಇದನ್ನೂ ಮುಚ್ಚಿಡುವುದಿಲ್ಲ.

ನೀನು ಕೋಣೆಗೆ ಸುಣ್ಣ ಹಚ್ಚಿಸಿದ್ದು ಓದಿ ಕಣ್ಣಲ್ಲಿ ನೀರು ಬಂತು. ಎಂಟು ವರ್ಷದ ಹಿಂದೆ ಹಚ್ಚಿಸಿದ್ದರೆ ಅಲ್ಲೇ ಇರುತ್ತಿದ್ದೆ. ಈಗ ಬರುವುದಿಲ್ಲ. ನೌಕರಿ ಬಿಡುವುದಿಲ್ಲ. ಊರೂ ಬಿಡುವುದಿಲ್ಲ. ಗಿಡ್ಡಪ್ಪನ ಮನೆಯನ್ನು ಮಾತ್ರ ಬಿಟ್ಟಿದ್ದೇನೆ.

ಹೋದ ಸೋಮವಾರ ಅವನ ಅಳಿಯ ಮತ್ತೆ ಹಿತ್ತಲ ಗೋಡೆಯ ಹತ್ತಿರ ಸುಳಿದ. ಈ ಸಲ ಕೂಗಲಿಲ್ಲ, ನಡುಗಲಿಲ್ಲ. ಬೆಳಿಗ್ಗೆ ಗಿಡ್ಡಪ್ಪ ಬಾವಿಕಟ್ಟೆಯಲ್ಲಿ ಹಲ್ಲು ತಿಕ್ಕುವಾಗ ಹೋಗಿ, ಓಣಿಯವರೆಲ್ಲ ಕೇಳುವ ಹಾಗೆ ಹೇಳಿದೆ. “ಗಿಡ್ಡಪ್ಪನವರ, ನಿಮ್ಮ ನಾಯೀನ ಕಟ್ಟಿ ಹಾಕ್ರಿ, ನನ್ನ ಗ್ವಾಡಿ ಹಾರತೈತಿ.” ಅವನ ಬಾಯಲ್ಲಿದ್ದ ಬೇವಿನ ಕಡ್ಡಿ ಬಾಯಲ್ಲೇ ಉಳಿಯಿತು. ದುರುಗವ್ವ ಅಜ್ಜಿ ಕೊಡ ಕೆಳಗಿಟ್ಟು ಬಂದು ನನ್ನ ಪಕ್ಕ ನಿಂತಳು. “ಇಕಿ ಕೈಯಾಗ ಹುಟ್ಟಿದ ಕೂಸು ಈ ಓಣ್ಯಾಗ ಮನಿಗೊಂದು ಅದಾವ. ಇಕಿಗೆ ಮನಿ ಇಲ್ಲಂದ್ರ ನಮಗ್ಯಾರಿಗೂ ಇಲ್ಲ” ಎಂದಳು. ಅವತ್ತೇ ಓಣಿಯ ಹೆಂಗಸರು ನನ್ನ ಟ್ರಂಕು, ಹಾಸಿಗೆ, ಮದ್ದಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಹಗಲಲ್ಲೇ ಮೆರವಣಿಗೆ ಮಾಡಿದರು. ಕೀಲಿ ಕೈಯನ್ನು ಗಿಡ್ಡಪ್ಪನ ಕಟ್ಟೆಯ ಮೇಲಿಟ್ಟು ಬಂದೆ.

ಈಗ ದುರುಗವ್ವನ ಹಿತ್ತಲ ಎರಡು ಕೋಣೆಯಲ್ಲಿದ್ದೇನೆ. ತಗಡಿನ ಮಾಡು, ಮಧ್ಯಾಹ್ನ ಕಾಯುತ್ತದೆ. ಕಲ್ಲು ಹಾಸಿದ ಅಂಗಳವಿಲ್ಲ, ಬೇವಿಲ್ಲ, ಒಂದು ಹುಣಸೆ ಗಿಡವಿದೆ. ಗೋಡೆ ನನ್ನ ಎದೆಯಷ್ಟೇ ಎತ್ತರ, ಆ ಕಡೆ ಅಜ್ಜಿ ಮಲಗುತ್ತಾಳೆ, ಅವಳ ಗೊರಕೆಗೆ ಕಳ್ಳರು ಬರುವುದಿಲ್ಲ. ಚಿಲಕ ಒಳಗಡೆ ಇದೆ. ನಾಯಿ ಸಾಕಲು ಅಡ್ಡಿಯಿಲ್ಲವೇ ಎಂದು ಕೇಳಿದೆ. “ಆ ಸಾಲಿ ಕಲಿತ ನಾಯಿ ಐತಲ್ಲ, ಅದನ್ನ ಕರಕೊಂಡು ಬಾ, ಬ್ಯಾರೇದು ಬ್ಯಾಡ” ಎಂದಳು.

ಜಮಾದಾರನನ್ನು ತಿರುಗಿ ಕೊಡು ಎಂದು ನಾನು ಕೇಳುತ್ತಿಲ್ಲ. ವೈನಿಯ ರೊಟ್ಟಿ ತಿಂದವನು, ಅವನಿಗೂ ಒಂದು ಮನಸ್ಸಿದೆ. ಅವನು ಬಂದು ನೋಡಲಿ, ಆಮೇಲೆ ಯಾವ ಬಾಗಿಲಲ್ಲಿ ಮಲಗುತ್ತಾನೋ ಅದೇ ಅವನ ಮನೆ. ಲಾರಿಯಲ್ಲಿ ಅವನೊಬ್ಬನನ್ನೇ ಕಳಿಸಬೇಡ, ನೀನೂ ಬಾ, ವೈನಿಯನ್ನೂ ಕರೆದುಕೊಂಡು ಬಾ. ಕೆಲಸಕ್ಕೆ ಸೇರಿದಾಗಿನಿಂದ ನಾನು ಎಲ್ಲಿ ಉಣ್ಣುತ್ತೇನೆ, ಎಲ್ಲಿ ಮಲಗುತ್ತೇನೆ ಎಂದು ನಮ್ಮ ಕಡೆಯವರು ಒಬ್ಬರೂ ಬಂದು ನೋಡಿಲ್ಲ. ಬಂದು ಮುಂದೆ ಕೂಡಬೇಡ, ನೇರ ಹಿತ್ತಲಿಗೆ ಹೋಗು. ಕುಡಿಯಲು ನೀರು ಕೇಳು, ನಾನು ಯಾರನ್ನೂ ಕೇಳದೆ ಕೊಡುತ್ತೇನೆ.

ಯಾವತ್ತು ಬರುತ್ತೀ ಎಂದು ಮಾತ್ರ ಬರೆಯಬೇಡ. ಹೇಳದೆ ಬಾ.

ವಿರೂಪಾಕ್ಷಿ